ಮಂಡಿ ನೋವಿನ ಮಾತ್ರೆ: ಹೇಗೆ ತೆಗೆದುಕೊಳ್ಳಬೇಕು, ಹೇಗೆ ಕಡಿಮೆ ಮಾಡಬೇಕು, ಬದಲಿಗೆ ಏನಿದೆ

"ಮಂಡಿ ನೋವಿಗೆ ಒಂದು ಮಾತ್ರೆ ಕೊಡಿ" ಅಂದರೆ ಸಾಕು, ಎಷ್ಟೋ ಮೆಡಿಕಲ್ ಶಾಪ್‌ಗಳಲ್ಲಿ ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ಕೈಗೆ ಕೊಡುತ್ತಾರೆ. ಬಿಪಿ ಇದೆಯಾ, ಹೊಟ್ಟೆಯಲ್ಲಿ ಹುಣ್ಣು ಇತ್ತಾ ಅಂತ ಕೇಳುವವರು ಕಡಿಮೆ. ನಾಲ್ಕು ಮುಗಿದ ಮೇಲೆ ಇನ್ನು ನಾಲ್ಕು. ಹೀಗೇ ವರ್ಷಗಟ್ಟಲೆ ನಡೆಯುತ್ತದೆ. ಒಂದು ದಿನ ನೆಂಟರು ಯಾರೋ ಬಂದು "ಅದನ್ನ ನುಂಗಬೇಡಿ, ಕಿಡ್ನಿ ಹೋಗುತ್ತೆ" ಅಂತ ಹೆದರಿಸುತ್ತಾರೆ. ಆಗ ಮಾತ್ರೆ ಬಿಟ್ಟು ಅರಿಶಿನದ ಹಾಲು ಶುರು. ಎರಡು ವಾರ ಕುಡಿದರೂ ನೋವು ಇಳಿಯುವುದಿಲ್ಲ. ಮತ್ತೆ ಅದೇ ಅಂಗಡಿ, ಅದೇ ನಾಲ್ಕು ಮಾತ್ರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೋವಿನ ಮಾತ್ರೆ ವಿಷವಲ್ಲ. ಅದು ಆಗಿಬರುವವರು ಸರಿಯಾದ ಪ್ರಮಾಣದಲ್ಲಿ, ಕೆಲವೇ ದಿನ ತೆಗೆದುಕೊಂಡರೆ ಒಳ್ಳೆಯ ಔಷಧಿ. ಲೆಕ್ಕವೇ ಇಲ್ಲದೆ ನುಂಗುವುದರಿಂದ ಅಪಾಯ ಬರುತ್ತದೆ. ಇನ್ನು ನೈಸರ್ಗಿಕ ಪರ್ಯಾಯದ ಮಾತು. ಮಂಡಿ ನೋವಿಗೆ ನಿಜವಾಗಿ ಕೆಲಸ ಮಾಡುವ ಪರ್ಯಾಯಗಳಲ್ಲಿ ಹೆಚ್ಚಿನವು ಬಾಯಿಗೆ ಹಾಕಿಕೊಳ್ಳುವಂಥವೇ ಅಲ್ಲ. ತೊಡೆಯ ಬಲ, ಮೈತೂಕ, ಬಿಸಿ ಶಾಖ ಮೊದಲು ಬರುತ್ತವೆ. ಅರಿಶಿನ, ಶುಂಠಿ ಆಮೇಲೆ.

ಇಲ್ಲಿ 50 ದಾಟಿದವರಿಗೆ ಬರುವ ಸವೆತದ ಮಂಡಿ ನೋವನ್ನೇ ಮುಖ್ಯವಾಗಿ ಇಟ್ಟುಕೊಂಡು ಬರೆದಿದ್ದೇನೆ. ಆದರೆ ಬೆನ್ನು ನೋವು, ಮುಟ್ಟಿನ ನೋವು, ಹಲ್ಲು ನೋವಿಗೂ ನುಂಗುವುದು ಇದೇ ಜಾತಿಯ ಮಾತ್ರೆ. ಹಾಗಾಗಿ ಮೊದಲ ಮೂರು ಹಂತ ಎಲ್ಲರಿಗೂ ಬೇಕಾಗುತ್ತದೆ.

ಹಂತ 1: ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ ಹೊರಗೆ ತೆಗೆಯಿರಿ

ಫ್ರಿಜ್ ಮೇಲಿನ ಡಬ್ಬಿ, ದಿಂಬಿನ ಕೆಳಗೆ, ಅಮ್ಮನ ಬ್ಯಾಗು, ಬೀರುವಿನ ಮೂಲೆ. ಎಲ್ಲವನ್ನೂ ತಂದು ಟೇಬಲ್ ಮೇಲೆ ಸುರಿಯಿರಿ. ಈಗ ದೊಡ್ಡ ಅಕ್ಷರದ ಹೆಸರು ಬಿಟ್ಟು ಹಿಂಬದಿಯ ಸಣ್ಣ ಅಕ್ಷರ ಓದಿ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದರೆ ಸುಲಭ.

ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನ್ಯಾಪ್ರಾಕ್ಸೆನ್, ಮೆಫೆನಾಮಿಕ್ ಆಸಿಡ್, ಪಿರಾಕ್ಸಿಕ್ಯಾಮ್, ನಿಮೆಸುಲೈಡ್, ಕೀಟೋರೊಲ್ಯಾಕ್, ಎಟೊರಿಕಾಕ್ಸಿಬ್. ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಉರಿಯೂತ ಇಳಿಸುವ ನೋವಿನ ಮಾತ್ರೆ. ಎಲ್ಲ ಒಂದೇ ಕುಟುಂಬ. ಸ್ಟೀರಾಯ್ಡ್ ಅಲ್ಲ, ಆದರೆ ಉರಿಯೂತದ ಮೇಲೆ ಕೆಲಸ ಮಾಡುತ್ತವೆ. ಎರಡನ್ನು ಒಟ್ಟಿಗೆ ತೆಗೆದುಕೊಂಡರೆ ನೋವು ಎರಡು ಪಟ್ಟು ಕಡಿಮೆಯಾಗುವುದಿಲ್ಲ. ಅಡ್ಡ ಪರಿಣಾಮ ಮಾತ್ರ ಜಾಸ್ತಿಯಾಗುತ್ತದೆ.

ಪ್ಯಾರಸಿಟಮಾಲ್ ಈ ಕುಟುಂಬಕ್ಕೆ ಸೇರಿದ್ದಲ್ಲ. ಅದು ನೋವು, ಜ್ವರ ಇಳಿಸುತ್ತದೆ, ಊತ ಇಳಿಸುವುದಿಲ್ಲ. ಹೊಟ್ಟೆಗೆ, ಕಿಡ್ನಿಗೆ ಇವುಗಳಿಗಿಂತ ಮೃದು. ಆದರೆ ಮಿತಿ ಮೀರಿದರೆ ಲಿವರ್‌ಗೆ ಪೆಟ್ಟು. ಆರೋಗ್ಯವಂತ ದೊಡ್ಡವರಿಗೂ 24 ಗಂಟೆಯಲ್ಲಿ 4 ಗ್ರಾಂ ಮೇಲ್ಮಿತಿ. ತೂಕ ಕಡಿಮೆ ಇರುವವರಿಗೆ, ಕುಡಿಯುವ ಅಭ್ಯಾಸ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಮಿತಿ ಇನ್ನೂ ಕೆಳಗೆ.

ಎಡವಟ್ಟಾಗುವುದು ಬೆರಕೆ ಮಾತ್ರೆಗಳಲ್ಲಿ. ಜೆರೊಡಾಲ್ ಪಿ ಅಂದರೆ 100 ಮಿ.ಗ್ರಾಂ ಅಸಿಕ್ಲೋಫೆನಾಕ್ ಜೊತೆಗೆ 325 ಮಿ.ಗ್ರಾಂ ಪ್ಯಾರಸಿಟಮಾಲ್. ಕಾಂಬಿಫ್ಲಾಮ್ ಅಂದರೆ 400 ಮಿ.ಗ್ರಾಂ ಐಬುಪ್ರೊಫೆನ್ ಜೊತೆಗೆ 325 ಮಿ.ಗ್ರಾಂ ಪ್ಯಾರಸಿಟಮಾಲ್. ಬೆಳಗ್ಗೆ ಮಂಡಿಗೆ ಅಂತ ಮೊದಲನೆಯದು, ಮಧ್ಯಾಹ್ನ ತಲೆನೋವಿಗೆ ಎರಡನೆಯದು, ರಾತ್ರಿ ಮೈ ಬಿಸಿ ಅಂತ ಒಂದು ಡೋಲೋ 650. ನುಂಗಿದವರ ಲೆಕ್ಕದಲ್ಲಿ ಮೂರು ಬೇರೆ ಬೇರೆ ಮಾತ್ರೆ. ಹೊಟ್ಟೆಯೊಳಗೆ ಹೋಗಿದ್ದು ಒಂದೇ ಕುಟುಂಬದ ಎರಡು ಔಷಧಿ, ಮೂರು ಸಲ ಪ್ಯಾರಸಿಟಮಾಲ್.

ಒಂದು ಸ್ಟ್ರಿಪ್ ಮಾತ್ರ ಪಕ್ಕಕ್ಕಿಡಿ. ಹಾರ್ಟ್ ತೊಂದರೆಗೆ ಡಾಕ್ಟರ್ ಬರೆದ 75 ಮಿ.ಗ್ರಾಂ ಆಸ್ಪಿರಿನ್, ಅಂದರೆ ಇಕೋಸ್ಪ್ರಿನ್ ಥರದ್ದು. ಅದು ರಕ್ತ ಹೆಪ್ಪುಗಟ್ಟದಂತೆ ತಡೆಯಲು ಕೊಟ್ಟಿರುವುದು. ಈ ಲೇಖನ ಓದಿ ಅದನ್ನು ನಿಲ್ಲಿಸಬೇಡಿ.

ಹಂತ 2: ಇದು ನಿಮ್ಮ ಮೈಗೆ ಆಗುತ್ತದೆಯೇ ನೋಡಿ

ಪೆಟ್ಟಾದ ಜಾಗದಲ್ಲಿ, ಸವೆದ ಕೀಲಿನಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗುತ್ತದೆ. ನೋವು, ಊತಕ್ಕೆ ಅದೂ ಒಂದು ಕಾರಣ. ಆಸ್ಪಿರಿನ್ ಜಾತಿಯ ಮಾತ್ರೆ ಅದರ ತಯಾರಿಯನ್ನೇ ತಡೆಯುತ್ತದೆ ಎಂದು ಇಂಗ್ಲೆಂಡಿನ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ಅವರಿಗೆ ನೊಬೆಲ್ ಬಂತು. ತೊಡಕು ಏನೆಂದರೆ ಈ ರಾಸಾಯನಿಕ ಮಂಡಿಯಲ್ಲಿ ಮಾತ್ರ ಇಲ್ಲ. ಹೊಟ್ಟೆಯ ಒಳಪದರವನ್ನು ಆಸಿಡ್‌ನಿಂದ ಕಾಯುವುದೂ ಅದೇ. ಕಿಡ್ನಿಗೆ ಹೋಗುವ ರಕ್ತನಾಳವನ್ನು ತೆರೆದಿಡುವುದರಲ್ಲೂ ಅದರ ಕೈ ಇದೆ. ಮಾತ್ರೆಗೆ ಮಂಡಿ ಯಾವುದು, ಹೊಟ್ಟೆ ಯಾವುದು ಎಂದು ಗೊತ್ತಾಗುವುದಿಲ್ಲ. ಎಲ್ಲ ಕಡೆ ತಡೆಯುತ್ತದೆ.

ಹೊಟ್ಟೆಯ ವಿಷಯ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಸಂಗತಿ ಒಂದಿದೆ. ಹುಣ್ಣಾಗಿ ರಕ್ತ ಸೋರಲು ಶುರುವಾಗುವ ಮೊದಲು ಹೊಟ್ಟೆ ಉರಿ ಬಂದೇ ಬರುತ್ತದೆ ಎಂಬ ಖಾತ್ರಿ ಇಲ್ಲ. ವಯಸ್ಸಾದವರಲ್ಲಿ ಏನೂ ಗೊತ್ತಾಗದೆ, ಒಂದು ದಿನ ಮಲ ಟಾರಿನಂತೆ ಕಪ್ಪಗೆ ಹೋದಾಗಲೇ ವಿಷಯ ಹೊರಬೀಳುವುದುಂಟು. ವಯಸ್ಸು 65 ದಾಟಿದ್ದರೆ, ಹಿಂದೆ ಹುಣ್ಣಾಗಿದ್ದರೆ, ರಕ್ತ ತೆಳುವಾಗುವ ಔಷಧಿ ಅಥವಾ ಸ್ಟೀರಾಯ್ಡ್ ನಡೆಯುತ್ತಿದ್ದರೆ ಅಪಾಯ ಹೆಚ್ಚು. ಊಟದ ನಂತರ ನುಂಗಿದರೆ ಉರಿ ಕಡಿಮೆಯಾಗಬಹುದು, ಹುಣ್ಣಾಗುವ ಅಪಾಯ ತಪ್ಪುವುದಿಲ್ಲ. ಏಕೆಂದರೆ ಮಾತ್ರೆ ರಕ್ತದ ಮೂಲಕವೂ ಹೊಟ್ಟೆಯ ಪದರಕ್ಕೆ ತಲುಪುತ್ತದೆ. ಇಂಜೆಕ್ಷನ್ ತೆಗೆದುಕೊಂಡರೆ ಹೊಟ್ಟೆಗೆ ಏನೂ ಆಗಲ್ಲ ಅನ್ನುವ ಮಾತು ಸುಳ್ಳಾಗುವುದೂ ಇದೇ ಕಾರಣಕ್ಕೆ.

ಕಿಡ್ನಿಯ ವಿಷಯಕ್ಕೆ ಬಿಪಿ ಮಾತ್ರೆ ನುಂಗುವವರು ಇಲ್ಲಿ ಸ್ವಲ್ಪ ನಿಲ್ಲಿ. ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್ ಥರದ ಬಿಪಿ ಮಾತ್ರೆ ಒಂದು. ಮೂತ್ರ ಹೆಚ್ಚು ಮಾಡಿಸುವ ಹೈಡ್ರೋಕ್ಲೋರೋಥಯಜೈಡ್ ಅಥವಾ ಫ್ಯೂರೋಸೆಮೈಡ್ ಇನ್ನೊಂದು. ಇವೆರಡರ ಜೊತೆ ನೋವಿನ ಮಾತ್ರೆ ಸೇರಿದರೆ ಕಿಡ್ನಿಗೆ ಮೂರು ಕಡೆಯಿಂದ ಹೊಡೆತ. ಹೆಸರಿನ ಕೊನೆಗೆ ಎಚ್ ಅಂತ ಇರುವ ಬಿಪಿ ಮಾತ್ರೆಗಳಲ್ಲಿ ಮೊದಲ ಎರಡೂ ಒಂದರಲ್ಲೇ ಇರುವುದು ಸಾಮಾನ್ಯ. ಅದರ ಮೇಲೆ ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೆ, ಬೇಸಿಗೆಯಲ್ಲಿ ಹೊಲದ ಕೆಲಸ ಮಾಡಿ ಬಂದು ನುಂಗಿದರೆ, ಕೆಲವೇ ದಿನಗಳಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋತಾಗ ರಕ್ತದಲ್ಲಿ ಹೆಚ್ಚುವ ಅಂಶ, ಏರಬಹುದು. ಶುಗರ್ ಇರುವವರ ಕಿಡ್ನಿ ಮೊದಲೇ ದಣಿದಿರಬಹುದು.

ಡೈಕ್ಲೋಫೆನಾಕ್ ಕಿಡ್ನಿಗೆ ಏನು ಮಾಡಬಲ್ಲದು ಎಂಬುದನ್ನು ನಮ್ಮ ದೇಶ ರಣಹದ್ದುಗಳಲ್ಲಿ ನೋಡಿದೆ. ಈ ಔಷಧಿ ಕೊಟ್ಟಿದ್ದ ದನ ಸತ್ತಾಗ ಅದನ್ನು ತಿಂದ ಹದ್ದುಗಳು ಕಿಡ್ನಿ ಹಾಳಾಗಿ ಗುಂಪು ಗುಂಪಾಗಿ ಸತ್ತವು. ಕೆಲವು ಜಾತಿಯವು ಶೇಕಡಾ 95ಕ್ಕೂ ಹೆಚ್ಚು ಕಣ್ಮರೆಯಾದವು. 2006ರಲ್ಲಿ ಪಶುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ಭಾರತ ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಉದ್ದ ಕೊಕ್ಕಿನ ರಣಹದ್ದುಗಳು ಆ ದುರಂತದಿಂದ ಪಾರಾದ ಜಾತಿಯವು. ಹದ್ದಿಗೆ ಆದದ್ದು ಮನುಷ್ಯನಿಗೂ ಹಾಗೇ ಆಗುತ್ತದೆ ಎಂದಲ್ಲ. ಹದ್ದಿನ ಮೈಗೆ ಆ ಔಷಧಿ ತಡೆಯುವ ಶಕ್ತಿ ತೀರಾ ಕಡಿಮೆ. ಅಂಗ ಮಾತ್ರ ಅದೇ.

ಹೃದಯದ ಅಪಾಯ ಬೆಳಕಿಗೆ ಬಂದದ್ದು ತಡವಾಗಿ. ಹೊಟ್ಟೆಗೆ ಒಳ್ಳೆಯದು ಎಂದು ಬಂದ ರೋಫೆಕಾಕ್ಸಿಬ್ ಎಂಬ ಮಾತ್ರೆಯನ್ನು ಹಾರ್ಟ್ ಅಟ್ಯಾಕ್ ಹೆಚ್ಚಾಗುತ್ತದೆ ಎಂಬ ಕಾರಣಕ್ಕೆ 2004ರಲ್ಲಿ ಕಂಪನಿಯೇ ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಆಮೇಲೆ ಉಳಿದವುಗಳನ್ನೂ ನೋಡಿದರು. 2013ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆಯ ಲೆಕ್ಕ ಹೀಗಿದೆ: 1000 ಜನ ಒಂದು ವರ್ಷ ದಿನಾ ಹೆಚ್ಚಿನ ಪ್ರಮಾಣದ ಡೈಕ್ಲೋಫೆನಾಕ್ ತೆಗೆದುಕೊಂಡರೆ, ತೆಗೆದುಕೊಳ್ಳದವರಿಗಿಂತ ಸುಮಾರು 3 ಜನರಿಗೆ ಹೆಚ್ಚಾಗಿ ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಥರದ ತೊಂದರೆ. ಅದರಲ್ಲಿ ಒಬ್ಬರು ಸಾಯುತ್ತಾರೆ. ಆರೋಗ್ಯವಾಗಿರುವವರಿಗೆ ಇದು ಚಿಕ್ಕ ಸಂಖ್ಯೆ. ಈಗಾಗಲೇ ಸ್ಟೆಂಟ್ ಹಾಕಿಸಿಕೊಂಡವರಿಗೆ ಚಿಕ್ಕದಲ್ಲ. ಎಟೊರಿಕಾಕ್ಸಿಬ್ ಬಿಪಿಯನ್ನೂ ಏರಿಸುತ್ತದೆ. ಬಿಪಿ ಹತೋಟಿಯಲ್ಲಿ ಇಲ್ಲದವರು ಅದರ ತಂಟೆಗೆ ಹೋಗಬಾರದು.

ಉಳಿದ ಎಚ್ಚರಿಕೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮಳೆಗಾಲದಲ್ಲಿ ಜ್ವರ, ಮೈಕೈ ನೋವು ಬಂದರೆ ಡೆಂಗಿ ಅಲ್ಲ ಎಂದು ಖಾತ್ರಿಯಾಗುವವರೆಗೆ ಪ್ಯಾರಸಿಟಮಾಲ್ ಮಾತ್ರ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ತೆಗೆದುಕೊಂಡರೆ ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಬಹುದು. 2006ರಲ್ಲಿ ಕರ್ನಾಟಕದ ಲಕ್ಷಾಂತರ ಜನ ಚಿಕೂನ್‌ಗುನ್ಯಾದಿಂದ ಕೀಲು ಹಿಡಿದು ಮಲಗಿದ್ದು ಹಲವರಿಗೆ ನೆನಪಿರಬಹುದು. ಆ ನೋವಿಗೂ ಇದೇ ನಿಯಮ, ಡೆಂಗಿ ಇಲ್ಲ ಎಂದಾದ ಮೇಲೆಯೇ ಈ ಮಾತ್ರೆ. ಗರ್ಭಿಣಿಯರು 20 ವಾರ ದಾಟಿದ ಮೇಲೆ ಡಾಕ್ಟರ್ ಹೇಳದೆ ಮುಟ್ಟಬಾರದು. ಕೆಲವು ಆಸ್ತಮಾ ರೋಗಿಗಳಿಗೆ ಒಂದು ಮಾತ್ರೆಯಿಂದಲೇ ಉಸಿರು ಕಟ್ಟುತ್ತದೆ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ನಮ್ಮಲ್ಲಿ 2011ರಲ್ಲೇ ನಿಷೇಧಿಸಲಾಗಿದೆ.

ಹಂತ 3: ತೆಗೆದುಕೊಳ್ಳಲೇಬೇಕಾದರೆ ಹೀಗೆ ತೆಗೆದುಕೊಳ್ಳಿ

ಮಂಡಿ ಊದಿಕೊಂಡು ಹೆಜ್ಜೆ ಇಡಲಾಗದ ದಿನಗಳು ಬರುತ್ತವೆ. ಆಗ ಸುಮ್ನೆ ಹಲ್ಲು ಕಚ್ಚಿ ಕೂರುವ ಅಗತ್ಯವಿಲ್ಲ. ಡಾಕ್ಟರ್ ಬರೆದ ಒಂದೇ ಒಂದು ಮಾತ್ರೆ, ಕೆಲಸ ಮಾಡುವ ಅತಿ ಕಡಿಮೆ ಪ್ರಮಾಣ, ಅತಿ ಕಡಿಮೆ ದಿನ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಕೊಳ್ಳಬಾರದ ಔಷಧಿ ಎಂದರ್ಥ.

ಊಟದ ಮೇಲೆ, ಒಂದು ಪೂರ್ತಿ ಲೋಟ ನೀರಿನ ಜೊತೆ ನುಂಗಿ. ನುಂಗಿದ ಕೂಡಲೇ ಮಲಗಬೇಡಿ. ಹೊಟ್ಟೆ ಕಾಯಲು ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆ ಬರೆದಿದ್ದರೆ ಅದನ್ನು ತಿಂಡಿಗೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುವವರೇ ಜಾಸ್ತಿ. ಇನ್ನೊಂದು, ಗ್ಯಾಸ್ ಮಾತ್ರೆ ಕಾಯುವುದು ಹೊಟ್ಟೆಯನ್ನು ಮಾತ್ರ. ಕಿಡ್ನಿಗೂ ಹೃದಯಕ್ಕೂ ಅದರಿಂದ ಯಾವ ರಕ್ಷಣೆಯೂ ಇಲ್ಲ.

ಹಾರ್ಟ್‌ಗೆ ಆಸ್ಪಿರಿನ್ ತೆಗೆದುಕೊಳ್ಳುವವರು ಐಬುಪ್ರೊಫೆನ್ ನುಂಗುವ ಮೊದಲು ಡಾಕ್ಟರನ್ನು ಕೇಳಿ. ಅದು ಆಸ್ಪಿರಿನ್‌ನ ಕೆಲಸಕ್ಕೇ ಅಡ್ಡ ಬರುತ್ತದೆ.

ಮಾತ್ರೆ ನಡೆಯುವಾಗ ಮಲ ಕಪ್ಪಗೆ ಅಂಟಂಟಾಗಿ ಹೋದರೆ, ವಾಂತಿಯಲ್ಲಿ ಕಾಫಿ ಪುಡಿ ಬಣ್ಣದ ಚರಟ ಬಂದರೆ, ಎದೆ ನೋವು, ಉಸಿರಾಟದ ತೊಂದರೆ, ಮುಖದ ಊತ ಕಂಡರೆ ನಾಳೆ ನೋಡೋಣ ಅನ್ನಬೇಡಿ. ಮಾತ್ರೆ ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಹೋಗಿ. ಮೂತ್ರ ಕಡಿಮೆಯಾದರೂ, ಪಾದ ಊದಿದರೂ ಮಾತ್ರೆ ನಿಲ್ಲಿಸಿ ಅದೇ ದಿನ ಡಾಕ್ಟರಿಗೆ ತೋರಿಸಿ. ಮೈಮೇಲೆ ದದ್ದು, ಜ್ವರ, ಗಂಟಲ ಗಂಟು ಊತ ಒಟ್ಟಿಗೆ ಬಂದರೂ ಅಷ್ಟೇ. ಮುಟ್ಟಿನ ನೋವಿಗೆ ಬಳಸುವ ಮೆಫೆನಾಮಿಕ್ ಆಸಿಡ್‌ನಿಂದ ಅಪರೂಪಕ್ಕೆ ಹೀಗೆ ತೀವ್ರವಾದ ಅಲರ್ಜಿ ಆಗಬಹುದೆಂದು ಭಾರತೀಯ ಫಾರ್ಮಕೋಪಿಯಾ ಆಯೋಗ 2023ರಲ್ಲಿ ಎಚ್ಚರಿಸಿದೆ.

ಹಂತ 4: ನುಂಗುವ ಮುಂಚೆ ಹಚ್ಚಿ ನೋಡಿ

ಮಂಡಿ ಮತ್ತು ಕೈಬೆರಳಿನ ಸವೆತಕ್ಕೆ ಮಾತ್ರೆಗಿಂತ ಮೊದಲು ಡೈಕ್ಲೋಫೆನಾಕ್ ಜೆಲ್ ಕೊಟ್ಟು ನೋಡಿ ಎಂದು ಬ್ರಿಟನ್, ಅಮೆರಿಕದ ಚಿಕಿತ್ಸಾ ಮಾರ್ಗಸೂಚಿಗಳೇ ಹೇಳುತ್ತವೆ. ಜೆಲ್ ಹಚ್ಚಿದಾಗ ರಕ್ತಕ್ಕೆ ಸೇರುವ ಔಷಧಿ, ಮಾತ್ರೆ ನುಂಗಿದಾಗ ಸೇರುವುದರ ಸುಮಾರು ಶೇಕಡಾ 6 ಮಾತ್ರ. ಮಂಡಿಯ ಕೀಲು ಚರ್ಮಕ್ಕೆ ಹತ್ತಿರ ಇರುವುದರಿಂದ ಔಷಧಿ ತಲುಪುತ್ತದೆ. ಸೊಂಟದ ಕೀಲು ಆಳದಲ್ಲಿದೆ, ಅಲ್ಲಿಗೆ ಇದು ಉಪಯೋಗವಿಲ್ಲ.

"ಹಚ್ಚಿದೆ, ಏನೂ ಆಗಲಿಲ್ಲ" ಅನ್ನುವವರನ್ನು ಎಷ್ಟು ಹಚ್ಚಿದಿರಿ ಎಂದು ಕೇಳಿ ನೋಡಿ. ಕಡಲೆಕಾಳಿನಷ್ಟು ತೆಗೆದು, ಎರಡು ದಿನ ಉಜ್ಜಿ ಬಿಟ್ಟಿರುತ್ತಾರೆ. ಒಂದು ಮಂಡಿಗೆ ಒಂದು ಸಲಕ್ಕೆ 2ರಿಂದ 4 ಗ್ರಾಂ ಬೇಕು. ದಿನಕ್ಕೆ 3 ಅಥವಾ 4 ಸಲ. ಅಂದರೆ 30 ಗ್ರಾಂ ಟ್ಯೂಬ್ ಒಂದೇ ಮಂಡಿಗೆ ಕೆಲವೇ ದಿನದಲ್ಲಿ ಖಾಲಿಯಾಗಬೇಕು. ಎರಡು ವಾರ ಹೀಗೆ ಹಚ್ಚಿದ ಮೇಲೆ ತೀರ್ಮಾನ ಮಾಡಿ. ಮಂಡಿಯ ಮುಂದೆ, ಅಕ್ಕಪಕ್ಕ ಎಲ್ಲ ಕಡೆ ಮೆಲ್ಲಗೆ ಸವರಿ, ಕೈ ತೊಳೆದುಕೊಳ್ಳಿ. ಗಾಯದ ಮೇಲೆ ಹಚ್ಚಬೇಡಿ. ಹಚ್ಚಿದ ಮೇಲೆ ಅದೇ ಜಾಗಕ್ಕೆ ಬಿಸಿ ಶಾಖ ಕೊಡಬೇಡಿ. ಕಿಡ್ನಿ ತೊಂದರೆ ಇದ್ದವರು ಜೆಲ್‌ಗೂ ಡಾಕ್ಟರ ಒಪ್ಪಿಗೆ ಪಡೆಯಿರಿ.

ಉರಿ ಉರಿ ಅನ್ನಿಸುವ ನೋವಿನ ಎಣ್ಣೆಗಳಲ್ಲಿ ಸಾಮಾನ್ಯವಾಗಿ ಮೀಥೈಲ್ ಸ್ಯಾಲಿಸಿಲೇಟ್ ಇರುತ್ತದೆ. ಇದು ಆಸ್ಪಿರಿನ್‌ನ ಬಳಗ. ಮಕ್ಕಳ ಕೈಗೆ ಸಿಗದಂತೆ ಇಡಿ, ಸ್ವಲ್ಪ ಕುಡಿದರೂ ಮಗುವಿನ ಪ್ರಾಣಕ್ಕೆ ಅಪಾಯ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಮೈತುಂಬ ಬಳಿದುಕೊಳ್ಳಬಾರದು.

ಹಂತ 5: ತೊಡೆಗೆ ಕೆಲಸ ಕೊಡಿ

ಇಡೀ ಲೇಖನದಲ್ಲಿ ಒಂದೇ ಒಂದನ್ನು ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ. ಮಂಡಿ ನೋಯುತ್ತದೆ ಅಂತ ಓಡಾಟ ಕಡಿಮೆ ಮಾಡುತ್ತೇವೆ. ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ. ಮೈಯ ಭಾರವೆಲ್ಲ ಕೀಲಿನ ಮೇಲೇ ಬೀಳುತ್ತದೆ. ನೋವು ಇನ್ನೂ ಹೆಚ್ಚು. ಮಾತ್ರೆ ಇದನ್ನು ಸರಿ ಮಾಡಲಾರದು.

ಮೊದಲ ವ್ಯಾಯಾಮ ಮಂಚದ ಮೇಲೇ ಆಗುತ್ತದೆ. ಕಾಲು ಚಾಚಿ ಕೂತು ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಡಿ. ಟವೆಲನ್ನು ಮಂಡಿಯಿಂದ ಕೆಳಗೆ ಒತ್ತಿ, 5 ಸೆಕೆಂಡ್ ಹಿಡಿದು ಬಿಡಿ. ತೊಡೆ ಗಟ್ಟಿಯಾಗುವುದು ಕೈಗೆ ಗೊತ್ತಾಗಬೇಕು. ಒಂದೊಂದು ಕಾಲಿಗೆ 10 ಸಲ. ಎರಡನೆಯದು ಕುರ್ಚಿಯಲ್ಲಿ. ನೆಟ್ಟಗೆ ಕೂತು ಒಂದು ಕಾಲನ್ನು ನೇರ ಮಾಡಿ 5 ಸೆಕೆಂಡ್ ಹಿಡಿಯಿರಿ, ನಿಧಾನ ಇಳಿಸಿ. ಟಿವಿ ನೋಡುತ್ತಾ ಮಾಡಬಹುದು. ಇವೆರಡೂ ಒಂದೆರಡು ವಾರ ಸಲೀಸಾದ ಮೇಲೆ ಮೂರನೆಯದು. ಗಟ್ಟಿ ಕುರ್ಚಿಯಿಂದ ಎದ್ದು ನಿಲ್ಲುವುದು, ಮತ್ತೆ ಮೆಲ್ಲಗೆ ಕೂರುವುದು. ಶುರುವಿನಲ್ಲಿ ಕೈ ಊರಿ, ಆಮೇಲೆ ಊರದೆ. ಕುರ್ಚಿ ಗೋಡೆಗೆ ತಾಗಿರಲಿ, ಜಾರುವ ಪ್ಲಾಸ್ಟಿಕ್ ಕುರ್ಚಿ ಬೇಡ.

ಮಾಡುವಾಗ ಸ್ವಲ್ಪ ನೋವಾಗುವುದು ಸಹಜ. ಮಾರನೇ ದಿನದ ಹೊತ್ತಿಗೆ ಇಳಿದರೆ ಮುಂದುವರಿಸಿ. ಮಾರನೇ ದಿನವೂ ಮಂಡಿ ಊದಿದ್ದರೆ ಸಂಖ್ಯೆ ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ. ಫಲ ಕಾಣಲು ಆರರಿಂದ ಎಂಟು ವಾರ ಬೇಕು. ಮಾತ್ರೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುತ್ತದೆ, ಇದಕ್ಕೆ ಎರಡು ತಿಂಗಳು. ಜನ ಮಧ್ಯದಲ್ಲೇ ಬಿಡುವುದು ಇದಕ್ಕೇ ಅಲ್ವಾ?

ಜೊತೆಗೆ ಮನೆಯೊಳಗಿನ ಕೆಲವು ಬದಲಾವಣೆ. ಕುಕ್ಕರಗಾಲಲ್ಲಿ ಕೂತು ರಂಗೋಲಿ ಹಾಕುವುದು, ಪಾತ್ರೆ ತಿಕ್ಕುವುದು, ನೆಲ ಒರೆಸುವುದು ಸವೆದ ಮಂಡಿಗೆ ತುಂಬ ಭಾರ. ಚಿಕ್ಕ ಸ್ಟೂಲ್ ಇಟ್ಟುಕೊಳ್ಳಿ, ಉದ್ದ ಕೋಲಿನ ಮಾಪ್ ತನ್ನಿ. ದೇಸಿ ಶೌಚಾಲಯವಾದರೆ ಅದರ ಮೇಲೆ ಇಡುವ ಕುರ್ಚಿ ಸಿಗುತ್ತದೆ. ತೂಕ ಹೆಚ್ಚಿದ್ದರೆ ಇಳಿಸಿದ ಒಂದೊಂದು ಕೆಜಿಗೂ ಮಂಡಿಯ ಮೇಲೆ ಪ್ರತಿ ಹೆಜ್ಜೆಗೆ ಸುಮಾರು 4 ಕೆಜಿ ಭಾರ ಕಡಿಮೆ. 5 ಕೆಜಿ ಇಳಿದರೆ ಲೆಕ್ಕ ನೀವೇ ಹಾಕಿ.

ಹಂತ 6: ಬಿಸಿ ಶಾಖ

ಹಳೆಯ, ಬಿಗಿದುಕೊಂಡ ನೋವಿಗೆ ಬಿಸಿ. ಹೊಸದಾಗಿ ಪೆಟ್ಟಾಗಿ ಊದಿದ ಜಾಗಕ್ಕೆ ತಣ್ಣಗೆ. ಬಿಸಿ ನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ 15-20 ನಿಮಿಷ ಇಟ್ಟರೆ ಸಾಕು. ಶುಗರ್‌ನಿಂದ ಕಾಲು ಜೋಮು ಹಿಡಿದವರಿಗೆ ಬಿಸಿ ಗೊತ್ತಾಗದೆ ಸುಟ್ಟುಕೊಳ್ಳುವ ಅಪಾಯವಿದೆ, ಬೇರೆಯವರು ಕೈ ಇಟ್ಟು ನೋಡಲಿ.

ಲಕ್ಕಿ ಸೊಪ್ಪು ಕುದಿಸಿದ ನೀರಿನಲ್ಲಿ ಸ್ನಾನ ಮಾಡುವುದು, ಸೊಪ್ಪು ಬಿಸಿ ಮಾಡಿ ಗಂಟು ಕಟ್ಟಿ ಶಾಖ ಕೊಡುವುದು ನಮ್ಮ ಹಳ್ಳಿಗಳಲ್ಲಿ ಹಳೆಯ ರೂಢಿ. ಸೊಪ್ಪಿನ ಪಾಲೆಷ್ಟು, ಬಿಸಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಹಿತವಾಗಿದ್ದರೆ ಮಾಡಿ, ಕೇಡಿಲ್ಲ.

ಮುಟ್ಟಿನ ನೋವಿಗೆ ಶಾಖದ ಬಲ ಇನ್ನೂ ಚೆನ್ನಾಗಿ ಸಾಬೀತಾಗಿದೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಳಹೊಟ್ಟೆಗೆ ಸುಮಾರು 39 ಡಿಗ್ರಿ ಶಾಖವನ್ನು ಬಿಡದೆ ಕೊಟ್ಟಾಗ, ಅದು ದಿನಕ್ಕೆ ಮೂರು ಸಲ ನುಂಗಿದ 400 ಮಿ.ಗ್ರಾಂ ಐಬುಪ್ರೊಫೆನ್‌ನಷ್ಟೇ ನೋವು ಇಳಿಸಿತು. ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಇದನ್ನು ಹೇಳಿ.

ಹಂತ 7: ಅಡುಗೆಮನೆಯಿಂದ ಎಷ್ಟು ನಿರೀಕ್ಷಿಸಬಹುದು

ಅರಿಶಿನದಲ್ಲಿ ನೋವು ಇಳಿಸುವ ಅಂಶ ಕರ್ಕ್ಯುಮಿನ್. ಅದು ಕೆಲಸ ಮಾಡುವುದಿಲ್ಲ ಎಂದೇನಲ್ಲ. ಥಾಯ್ಲೆಂಡಿನಲ್ಲಿ ಮಂಡಿ ಸವೆತದ 367 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 1500 ಮಿ.ಗ್ರಾಂ ಅರಿಶಿನದ ಸಾರ, 1200 ಮಿ.ಗ್ರಾಂ ಐಬುಪ್ರೊಫೆನ್‌ಗೆ ಸಮನಾಗಿ ನಿಂತಿತು. ಹೊಟ್ಟೆಯ ತೊಂದರೆಯೂ ಕಡಿಮೆ.

ಆದರೆ ಅದು ಸಾರ, ಪುಡಿ ಅಲ್ಲ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇಕಡಾ 3. ಒಂದು ಲೋಟ ಹಾಲಿಗೆ ಅರ್ಧ ಚಮಚ ಹಾಕಿದರೆ ಸುಮಾರು ಒಂದೂವರೆ ಗ್ರಾಂ ಪುಡಿ, ಅಂದರೆ 45 ಮಿ.ಗ್ರಾಂ ಆಸುಪಾಸು ಕರ್ಕ್ಯುಮಿನ್. ಪ್ರಯೋಗಗಳಲ್ಲಿ ಕೊಡುವ ಪ್ರಮಾಣ ಮುಟ್ಟಲು ದಿನಕ್ಕೆ 20 ಲೋಟ ದಾಟಬೇಕಾಗುತ್ತದೆ. ಮಲಗುವ ಮುಂಚೆ ಅರಿಶಿನದ ಹಾಲು ಕುಡಿಯಿರಿ, ಚೆನ್ನಾಗಿರುತ್ತದೆ. ಅದನ್ನು ನಂಬಿ ಮಂಡಿ ಊತಕ್ಕೆ ಚಿಕಿತ್ಸೆ ಮುಂದೂಡಬೇಡಿ.

ಕಾಳುಮೆಣಸಿನ ಕಥೆ ಬೆಂಗಳೂರಿನದು. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ 20 ಮಿ.ಗ್ರಾಂ ಪೈಪರಿನ್ ಕೊಟ್ಟಾಗ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಸುಮಾರು 20 ಪಟ್ಟು ಹೆಚ್ಚಿತು. ಇಂದು ಅರಿಶಿನದ ಕ್ಯಾಪ್ಸೂಲ್‌ಗಳಲ್ಲಿ ಮೆಣಸಿನ ಸಾರ ಸೇರಿಸುವುದರ ಹಿಂದೆ ಇದೇ ಅಧ್ಯಯನವಿದೆ. ಹೀಗೆ ಹೀರಿಕೆ ಹೆಚ್ಚಿಸಿದ ಕ್ಯಾಪ್ಸೂಲ್ ನುಂಗಿದ ಕೆಲವರಿಗೆ ಲಿವರ್ ಉರಿಯೂತ ಆಗಿದ್ದು ಅಮೆರಿಕ, ಇಟಲಿಗಳಲ್ಲಿ ದಾಖಲಾಗಿದೆ. ಸಾರಿನ ಅರಿಶಿನಕ್ಕೆ ಈ ಭಯ ಬೇಡ. ಕ್ಯಾಪ್ಸೂಲ್ ತೆಗೆದುಕೊಳ್ಳುವವರು ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಕೂಡಲೇ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು. ಪಿತ್ತಕೋಶದಲ್ಲಿ ಕಲ್ಲು ಇರುವವರು, ರಕ್ತ ತೆಳುವಾಗುವ ಔಷಧಿ ತೆಗೆದುಕೊಳ್ಳುವವರು ಕೇಳದೆ ಶುರು ಮಾಡಬೇಡಿ.

ಶುಂಠಿಯ ಬಲ ಮಂಡಿಗಿಂತ ಮುಟ್ಟಿನ ನೋವಿನಲ್ಲಿ ಹೆಚ್ಚು ಕಂಡಿದೆ. ಮುಟ್ಟಿನ ಮೊದಲ ಮೂರ್ನಾಲ್ಕು ದಿನ, ದಿನಕ್ಕೆ 1 ಗ್ರಾಂ ಆಸುಪಾಸು ಒಣಶುಂಠಿ ಪುಡಿಯನ್ನು ನಾಲ್ಕು ಪಾಲು ಮಾಡಿ ತೆಗೆದುಕೊಂಡ ಪ್ರಯೋಗಗಳಲ್ಲಿ ನೋವು ಇಳಿದಿದೆ. ಅರ್ಧ ಚಮಚ ಪುಡಿ ಎಂದರೆ ಹೆಚ್ಚುಕಡಿಮೆ ಅಷ್ಟೇ. ಅರಿಶಿನದ ಹಾಗಲ್ಲ, ಇದು ಮನೆಯಲ್ಲೇ ಮುಟ್ಟಬಹುದಾದ ಪ್ರಮಾಣ.

ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಒಳ್ಳೆಯದು. ಅವುಗಳ ಒಮೆಗಾ 3 ಕೊಬ್ಬು ರುಮಟಾಯ್ಡ್ ಥರದ ಉರಿಯೂತದ ಸಂಧಿವಾತದಲ್ಲಿ ಬೆಳಗಿನ ಬಿಗಿತ ಸ್ವಲ್ಪ ಇಳಿಸುತ್ತದೆ. ಅದಕ್ಕೆ ದಿನಾ ಸುಮಾರು 3 ಗ್ರಾಂನಂತೆ ಮೂರು ತಿಂಗಳು ಬೇಕು. ವಾರಕ್ಕೆರಡು ಸಲದ ಮೀನು ಸಾರಿನಿಂದ ಅಷ್ಟು ಸಿಗದು. ಅಗಸೆ ಬೀಜದಲ್ಲಿರುವುದು ಬೇರೆ ರೂಪದ ಒಮೆಗಾ 3, ಮೈಯಲ್ಲಿ ಅದರ ಸ್ವಲ್ಪ ಭಾಗ ಮಾತ್ರ ಬೇಕಾದ ರೂಪಕ್ಕೆ ಬದಲಾಗುತ್ತದೆ. ಆಯುರ್ವೇದದ ಶಲ್ಲಕಿ (ಒಂದು ಮರದ ಅಂಟು) ಮಂಡಿ ಸವೆತದಲ್ಲಿ ಸ್ವಲ್ಪ ಉಪಯೋಗಕ್ಕೆ ಬರುತ್ತದೆ ಎಂದು ಕೆಲವು ಪ್ರಯೋಗಗಳು ತೋರಿಸಿವೆ. ವೈದ್ಯರನ್ನು ಕೇಳಿ ಬಳಸಬಹುದು.

ಹಂತ 8: ಹೆಸರಿಲ್ಲದ ಪೊಟ್ಟಣದಿಂದ ದೂರ ಇರಿ

ಸಂತೆಯಲ್ಲೋ, ಬಸ್ ಸ್ಟ್ಯಾಂಡ್ ಪಕ್ಕದಲ್ಲೋ, ಕೊರಿಯರ್‌ನಲ್ಲೋ ಬರುವ ಮಂಡಿ ನೋವಿನ ಪುಡಿ. "ನೂರಕ್ಕೆ ನೂರು ಗಿಡಮೂಲಿಕೆ". ಎರಡನೇ ದಿನವೇ ನೋವು ಮಾಯ. ಅನುಮಾನ ಪಡಬೇಕಾದದ್ದು ಆ ವೇಗದ ಬಗ್ಗೆಯೇ. ಯಾವ ಬೇರು, ಯಾವ ತೊಗಟೆಯೂ ಸವೆದ ಮಂಡಿಯನ್ನು ಎರಡು ದಿನದಲ್ಲಿ ಹಗುರ ಮಾಡುವುದಿಲ್ಲ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್ ಥರದ ಸ್ಟೀರಾಯ್ಡ್ ಮಾಡುತ್ತದೆ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್, ಡೈಕ್ಲೋಫೆನಾಕ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿದೆ. ಕಿಡ್ನಿಗೆ ಹೆದರಿ ಇಂಗ್ಲಿಷ್ ಮಾತ್ರೆ ಬಿಟ್ಟವರು ಅದನ್ನೇ ಪುಡಿಯ ರೂಪದಲ್ಲಿ, ಪ್ರಮಾಣ ಗೊತ್ತಿಲ್ಲದೆ ನುಂಗುತ್ತಿರುತ್ತಾರೆ.

ತಿಂಗಳುಗಟ್ಟಲೆ ತಿಂದರೆ ಮುಖ ದುಂಡಗಾಗುತ್ತದೆ, ಹಸಿವು ಹೆಚ್ಚುತ್ತದೆ, ಶುಗರ್ ಮತ್ತು ಬಿಪಿ ಏರುತ್ತವೆ, ಚರ್ಮ ತೆಳುವಾಗಿ ತಟ್ಟಿದಲ್ಲೆಲ್ಲ ಕಂದುತ್ತದೆ. ಹೀಗೆ ಕಂಡರೆ ಪುಡಿಯನ್ನು ಒಮ್ಮೆಗೇ ನಿಲ್ಲಿಸಬೇಡಿ. ಸ್ಟೀರಾಯ್ಡ್‌ಗೆ ಒಗ್ಗಿದ ಮೈ ದಿಢೀರ್ ನಿಂತರೆ ಕುಸಿಯಬಹುದು. ಪೊಟ್ಟಣದ ಸಮೇತ ಡಾಕ್ಟರ ಹತ್ತಿರ ಹೋಗಿ, ಅವರು ಹಂತ ಹಂತವಾಗಿ ಇಳಿಸುತ್ತಾರೆ.

ಆಯುರ್ವೇದ ಬೇಕು ಅನ್ನುವವರು ಓದಿ ಪದವಿ ಪಡೆದ ವೈದ್ಯರ ಹತ್ತಿರ ಅಥವಾ ಸರ್ಕಾರಿ ಆಯುಷ್ ಆಸ್ಪತ್ರೆಗೆ ಹೋಗಿ. ಡಬ್ಬಿಯ ಮೇಲೆ ತಯಾರಿಕಾ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗಿರುವ ಪದಾರ್ಥಗಳ ಪಟ್ಟಿ, ಕಾಲಾವಧಿ ಇರಬೇಕು. ಇಂಟರ್‌ನೆಟ್‌ನಲ್ಲಿ ಮಾರಾಟವಾಗುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ ಐದರಲ್ಲೊಂದು ಭಾಗದಷ್ಟರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಅವು ಅಮೆರಿಕ, ಭಾರತ ಎರಡೂ ಕಡೆ ತಯಾರಾದವು.

ಹಂತ 9: ಮಾತ್ರೆ ಕಡಿಮೆ ಮಾಡುವ ಕ್ರಮ

ಮೊದಲು ನೋವು ಯಾವ ಜಾತಿಯದು ಎಂದು ತಿಳಿದುಕೊಳ್ಳಿ. ಬೆಳಗ್ಗೆ ಎದ್ದಾಗ ಕೀಲು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿದಿದ್ದರೆ, ಎರಡೂ ಕೈಯ ಸಣ್ಣ ಕೀಲುಗಳು ಊದಿದ್ದರೆ ಅದು ಸವೆತ ಇರಲಿಕ್ಕಿಲ್ಲ, ರುಮಟಾಯ್ಡ್ ಇರಬಹುದು. ಅದಕ್ಕೆ ಬೇರೆಯದೇ ಔಷಧಿ ಇದೆ. ಬೇಗ ಶುರು ಮಾಡದಿದ್ದರೆ ಕೀಲು ಸೊಟ್ಟಗಾಗುತ್ತದೆ. ನೋವಿನ ಮಾತ್ರೆಯೂ ಅರಿಶಿನವೂ ಅದನ್ನು ತಡೆಯುವುದಿಲ್ಲ. ಒಂದೇ ರಾತ್ರಿಯಲ್ಲಿ ಕಾಲ ಹೆಬ್ಬೆರಳು ಕೆಂಪಾಗಿ ಊದಿ ಮುಟ್ಟಲಾಗದಂತೆ ನೋಯುವುದು ಗೌಟ್ ಇರಬಹುದು. ಇವೆರಡಕ್ಕೂ ಡಾಕ್ಟರೇ ಬೇಕು.

ಸವೆತವೇ ಎಂದಾದರೆ, ಎರಡು ವಾರ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಯಾವ ದಿನ, ಯಾವ ಮಾತ್ರೆ, ಏನು ಕೆಲಸ ಮಾಡಿದ ಮೇಲೆ. ನೋವಿಲ್ಲದ ದಿನವೂ ಅಭ್ಯಾಸಕ್ಕೆ ನುಂಗಿದ್ದು ಆಗ ಕಣ್ಣಿಗೆ ಬೀಳುತ್ತದೆ. ಮೊದಲು ಬಿಡುವುದು ಅವನ್ನೇ. ಮದುವೆ ಮನೆ, ದೂರದ ಪ್ರಯಾಣ, ಬೆಟ್ಟ ಹತ್ತುವ ಯಾತ್ರೆಯಂಥ ದಿನಗಳಿಗೆ ಮಾತ್ರ ಮಾತ್ರೆ ಉಳಿಸಿಕೊಂಡು, ಉಳಿದ ದಿನ ಜೆಲ್ ಮತ್ತು ಶಾಖ. ತೊಡೆಯ ವ್ಯಾಯಾಮ ಎರಡು ತಿಂಗಳು ದಾಟಿದ ಮೇಲೆ ಮತ್ತೆ ಎರಡು ವಾರ ಗುರುತು ಹಾಕಿ, ಎರಡೂ ಪುಟ ಪಕ್ಕ ಪಕ್ಕ ಇಟ್ಟು ನೋಡಿ.

ಇಷ್ಟೆಲ್ಲ ಮಾಡಿದರೂ ದಿನಾ ಮಾತ್ರೆ ಬೇಕೇ ಬೇಕು ಅನ್ನಿಸಿದರೆ ಅಂಗಡಿಗೆ ಹೋಗಬೇಡಿ, ಮೂಳೆ ಡಾಕ್ಟರ ಹತ್ತಿರ ಹೋಗಿ. ನೀವು ನುಂಗುವ ಎಲ್ಲ ಸ್ಟ್ರಿಪ್, ಪುಡಿ, ಕಷಾಯದ ಬಾಟಲಿ ಜೊತೆಗಿರಲಿ. ಬಿಪಿ, ಹಿಮೋಗ್ಲೋಬಿನ್, ಕ್ರಿಯಾಟಿನಿನ್ ನೋಡಿಸಬೇಕೇ ಎಂದು ನೀವೇ ಕೇಳಿ. ಮಾತ್ರೆಯಿಂದ ಏನಾದರೂ ತೊಂದರೆ ಆಗಿದ್ದರೆ 1800 180 3024 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿ ದಾಖಲಿಸಬಹುದು. ಅದು ಔಷಧಿಗಳ ಅಡ್ಡ ಪರಿಣಾಮದ ದೂರು ಪಡೆಯುವ ಸರ್ಕಾರಿ ಸಹಾಯವಾಣಿ. ಕರೆ ಮಾಡುವಾಗ ಸ್ಟ್ರಿಪ್ ಕೈಯಲ್ಲಿರಲಿ, ಬ್ಯಾಚ್ ನಂಬರ್ ಕೇಳುತ್ತಾರೆ.